ಸೋಮಾರಿ, ಮರೆಗುಳಿ, ಮುಂಗೋಪಿ: ಈ ಬೈಗುಳಗಳ ಹಿಂದೆ ಎಡಿಎಚ್‌ಡಿ ಇದೆಯೇ ಎಂದು ತಿಳಿಯುವ ಬಗೆ

ಮಧುಗಿರಿಯಿಂದ ಬಂದರೂ ಚಿಂತಾಮಣಿಯಿಂದ ಬಂದರೂ ಮಾಲೂರಿನಿಂದ ಬಂದರೂ ಪ್ರಶ್ನೆಯ ತಿರುಳು ಒಂದೇ. "ಮಗನಿಗೆ ಬುದ್ಧಿ ಇದೆ, ಮನಸ್ಸು ಮಾಡುವುದಿಲ್ಲ. ಏನು ಮಾಡಲಿ?" "ನನಗೆ ಮೂವತ್ತು ದಾಟಿತು. ಹಿಡಿದ ಒಂದು ಕೆಲಸವನ್ನೂ ಮುಗಿಸಲಿಲ್ಲ. ನಾನು ನಿಜಕ್ಕೂ ಸೋಮಾರಿಯೇ?" "ಸೊಸೆ ಒಲೆಯ ಮುಂದೆಯೇ ನಿಂತು ಹಾಲು ಉಕ್ಕಿಸುತ್ತಾಳೆ, ಹೇಳಿದ್ದು ತಲೆಗೆ ಹೋಗುವುದಿಲ್ಲ. ಇದು ಉಡಾಫೆಯೋ, ಏನಾದರೂ ತೊಂದರೆಯೋ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, ಮನೆಯಲ್ಲಿ ಏನು ಗಮನಿಸಬೇಕು, ಯಾರ ಬಳಿ ಹೋಗಬೇಕು, ಹೋಗುವಾಗ ಏನು ಒಯ್ಯಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರಿಗೆ ಅನುಕೂಲವಾಗುವಂತೆ ವಿವರಗಳನ್ನು ಕೊಟ್ಟಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಲೇಖನ ಓದಿ ಯಾರಿಗೂ ಎಡಿಎಚ್‌ಡಿ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸಬೇಡಿ. ಅದು ಮನೋವೈದ್ಯರ ಕೆಲಸ. ಆದರೆ ಅವರ ಮುಂದೆ ಕುಳಿತಾಗ ಸರಿಯಾದ ಮಾಹಿತಿ ಕೊಡುವುದು ನಿಮ್ಮ ಕೈಯಲ್ಲೇ ಇದೆ.

ಎಡಿಎಚ್‌ಡಿ ಎಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಇದು ನರಬೆಳವಣಿಗೆಗೆ ಸಂಬಂಧಿಸಿದ್ದು. ಮಿದುಳು ಬೆಳೆಯುವ ಬಾಲ್ಯದಲ್ಲೇ ಇದರ ಬೇರು ಇರುತ್ತದೆ. ಕೆಲಸ ಶುರುಮಾಡುವುದು, ಅದರಲ್ಲಿ ನಿಲ್ಲುವುದು, ಬಾಯಿಗೆ ಬಂದ ಮಾತನ್ನು ತಡೆಹಿಡಿಯುವುದು, ಮುಂದಿನ ಹೊತ್ತನ್ನು ಅಂದಾಜು ಮಾಡುವುದು ಇವನ್ನೆಲ್ಲ ನಡೆಸುವುದರಲ್ಲಿ ಹಣೆಯ ಹಿಂದಿರುವ ಮಿದುಳಿನ ಮುಂಭಾಗಕ್ಕೆ ದೊಡ್ಡ ಪಾತ್ರವಿದೆ. ಆ ಭಾಗ ಮತ್ತು ಅದರೊಂದಿಗೆ ಹೆಣೆದುಕೊಂಡ ನರಜಾಲಗಳು ಎಡಿಎಚ್‌ಡಿ ಇರುವವರಲ್ಲಿ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತವೆ. ವಂಶವಾಹಿಯ ಪಾಲು ಇದರಲ್ಲಿ ಬಹಳ ದೊಡ್ಡದು. ತಾಯಿಯ ಮುದ್ದಿನಿಂದಾಗಲಿ ಸಕ್ಕರೆ ತಿನ್ನುವುದರಿಂದಾಗಲಿ ಇದು ಹುಟ್ಟುವುದಿಲ್ಲ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ, ಬುದ್ಧಿಗೆ ಕೊರತೆಯಿಲ್ಲದಿದ್ದರೂ ಇವರಲ್ಲಿ ನೈತಿಕ ಹತೋಟಿಯ ಕೊರತೆ ಇದೆ ಎಂದು ವಿವರಿಸಿದ್ದರು. ವೈದ್ಯಶಾಸ್ತ್ರ ಆ ನೋಟವನ್ನು ಬಿಟ್ಟು ದಶಕಗಳೇ ಕಳೆದವು. ನಮ್ಮ ಮನೆಗಳು, ಶಾಲೆಗಳು, ಕಚೇರಿಗಳು ಇನ್ನೂ ಬಿಟ್ಟಿಲ್ಲ. ಗುಣದೋಷವೆಂದು ಬೈದು ಬೈದು ಆ ವ್ಯಕ್ತಿಯೇ ಅದನ್ನು ನಂಬುವಂತೆ ಮಾಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇದು.

ಬೇಕಾಗುವ ಸಾಮಗ್ರಿ

ಒಂದು ನೋಟ್‌ಬುಕ್. ಸಿಕ್ಕಷ್ಟು ಹಳೆಯ ಅಂಕಪಟ್ಟಿಗಳು, ಮುಖ್ಯವಾಗಿ ಶಿಕ್ಷಕರು ಷರಾ ಬರೆದಿರುವ ಪ್ರಗತಿ ಪತ್ರಗಳು. ಆ ವ್ಯಕ್ತಿಯ ಬಾಲ್ಯವನ್ನು ಹತ್ತಿರದಿಂದ ಕಂಡ ಒಬ್ಬರು: ಅಮ್ಮ, ಅಜ್ಜಿ, ದೊಡ್ಡಪ್ಪ, ಯಾರಾದರೂ ಸರಿ. ಇಷ್ಟು ಸಾಕು. ದುಡ್ಡು ಕೊಟ್ಟು ಕೊಳ್ಳಬೇಕಾದ ಯಾವ ಟಾನಿಕ್ಕೂ ಈ ಪಟ್ಟಿಯಲ್ಲಿಲ್ಲ.

ಹಂತ 1: ಬೈಗುಳವನ್ನು ಬಿಟ್ಟು ನಡೆದದ್ದನ್ನು ಬರೆಯಿರಿ

ಎರಡು ಮೂರು ವಾರ ಈ ಅಭ್ಯಾಸ ಮಾಡಿ. "ಇವತ್ತೂ ಸೋಮಾರಿತನ ಮಾಡಿದ" ಎಂದು ಬರೆಯಬೇಡಿ. "ಸಂಜೆ 6ಕ್ಕೆ ಪುಸ್ತಕ ತೆರೆದ. 7.30ರವರೆಗೆ ಒಂದು ಲೆಕ್ಕವನ್ನೂ ಶುರುಮಾಡಲಿಲ್ಲ. ಮೂರು ಸಲ ನೀರು ಕುಡಿಯಲು ಎದ್ದ. ನಾನು ಪಕ್ಕದಲ್ಲಿ ಕುಳಿತ ಮೇಲೆ ಇಪ್ಪತ್ತು ನಿಮಿಷದಲ್ಲಿ ಐದು ಲೆಕ್ಕ ಮಾಡಿದ" ಎಂದು ಬರೆಯಿರಿ. ಮೊದಲ ವಾಕ್ಯದಿಂದ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಅವರಿಗೆ ಬೇಕಾದದ್ದೆಲ್ಲ ಇದೆ: ಎಲ್ಲಿ ತಡೆಯಿತು, ಎಷ್ಟು ಹೊತ್ತು ತಡೆಯಿತು, ಏನು ಮಾಡಿದಾಗ ಸಡಿಲವಾಯಿತು.

ನಿಮ್ಮ ಬಗ್ಗೆಯೇ ಬರೆದುಕೊಳ್ಳುತ್ತಿದ್ದರೆ ಇದು ಇನ್ನೂ ಕಷ್ಟ, ಏಕೆಂದರೆ ಇಷ್ಟು ವರ್ಷ ಕೇಳಿದ ಬೈಗುಳಗಳೇ ಲೇಖನಿಗೆ ಮೊದಲು ಬರುತ್ತವೆ. ಬರಲಿ. ಬರೆದ ಮೇಲೆ ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ನಡೆದದ್ದನ್ನು ಬರೆಯಿರಿ.

ಎಚ್ಚರಿಕೆ: ಕೆಟ್ಟ ದಿನಗಳನ್ನು ಮಾತ್ರ ಬರೆಯಬೇಡಿ. ಯಾವ ದಿನ ಕೆಲಸ ಸರಾಗವಾಗಿ ಆಯಿತು, ಆ ದಿನ ಏನು ಬೇರೆಯಿತ್ತು ಎಂಬುದೂ ಅಷ್ಟೇ ಮುಖ್ಯ. ಮಗುವಿನ ಕಣ್ಣೆದುರೇ ಕುಳಿತು ಬರೆಯುವುದೂ ಬೇಡ. ಅದು ತಪ್ಪುಗಳ ಲೆಕ್ಕದ ಪುಸ್ತಕ ಎಂದು ಅದಕ್ಕೆ ಅನ್ನಿಸಬಾರದು.

ಹಂತ 2: ಯಾವ ಬೈಗುಳದ ಹಿಂದೆ ಏನಿರಬಹುದು ಎಂದು ನೋಡಿ

ಈ ಹಂತದಲ್ಲಿ ಅವಸರ ಬೇಡ. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲಿಯೇ.

"ಸೋಮಾರಿ." ಸೋಮಾರಿಗೆ ವಿರಾಮ ಹಿತವಾಗಿರುತ್ತದೆ. ಎಡಿಎಚ್‌ಡಿ ಇರುವವರಿಗೆ ಆ ಖಾಲಿ ಹೊತ್ತು ಹಿಂಸೆ. ಕೆಲಸ ಮಾಡಬೇಕೆಂಬುದು ಗೊತ್ತಿದೆ, ಮಾಡಬೇಕೆಂಬ ಆಸೆಯೂ ಇದೆ, ಆದರೆ ಶುರುವಾಗುವುದಿಲ್ಲ. ಒಂದು ಸುಳಿವು ಹೇಳುತ್ತೇನೆ: ತನಗೇ ಲಾಭವಿರುವ, ತಾನೇ ಬಯಸಿದ ಕೆಲಸವೂ ಹಾಗೆಯೇ ನಿಂತಿದೆಯೇ ನೋಡಿ. ಇಷ್ಟಪಟ್ಟ ಉದ್ಯೋಗದ ಅರ್ಜಿ ಕೊನೆಯ ದಿನ ದಾಟಿದೆ, ಬೈಕಿನ ವಿಮೆ ಮುಗಿದು ತಿಂಗಳಾಗಿದೆ, ಬರಬೇಕಾದ ಹಣಕ್ಕೆ ಬ್ಯಾಂಕಿಗೆ ಕೊಡಬೇಕಾದ ಕಾಗದ ಮೇಜಿನ ಮೇಲೇ ಇದೆ. ಇದಕ್ಕೆಲ್ಲ ಸೋಮಾರಿತನ ಸರಿಯಾದ ವಿವರಣೆಯಾಗಲಾರದು.

ಆಗ ಎದುರಾಗುವ ವಾದ ನನಗೆ ಗೊತ್ತಿದೆ. "ಮೊಬೈಲ್ ಆಟದ ಮುಂದೆ ಮೂರು ಗಂಟೆ ಕದಲದೆ ಕೂರುತ್ತಾನಲ್ಲ, ಅಲ್ಲಿ ಗಮನ ಎಲ್ಲಿಂದ ಬರುತ್ತದೆ?" ಆಟದಲ್ಲಿ ಕ್ಷಣಕ್ಷಣಕ್ಕೂ ಹೊಸದೊಂದು ಎದುರಾಗುತ್ತದೆ, ಗೆದ್ದ ಕೂಡಲೇ ಬಹುಮಾನ ಸಿಗುತ್ತದೆ. ಜುಲೈನಲ್ಲಿ ಓದಿದ ಪಾಠಕ್ಕೆ ಫಲ ಸಿಗುವುದು ಮುಂದಿನ ಮಾರ್ಚಿನಲ್ಲಿ. ಇವರ ಗಮನವನ್ನು ಎಳೆಯುವುದು ಆಸಕ್ತಿ, ಹೊಸತನ ಮತ್ತು ತುರ್ತು. ಕೆಲಸ ಮುಖ್ಯ ಎಂಬ ಅರಿವು ಒಂದೇ ಸಾಕಾಗುವುದಿಲ್ಲ. ಅದಕ್ಕೇ ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ಓದಿ ಮುಗಿಸುತ್ತಾರೆ. ಆ ರಾತ್ರಿಯ ಸಾಮರ್ಥ್ಯವನ್ನೇ ಸಾಕ್ಷಿ ಮಾಡಿಕೊಂಡು, "ನೋಡು, ಮನಸ್ಸು ಮಾಡಿದರೆ ಆಗುತ್ತದೆ" ಎಂದು ವರ್ಷವಿಡೀ ಚುಚ್ಚುತ್ತೇವೆ.

"ಬೇಜವಾಬ್ದಾರಿ, ಮರೆಗುಳಿ." ಇಲ್ಲಿ ಸೋಲುವುದು ಕಾರ್ಯಸ್ಮೃತಿ. ಒಂದು ಕೆಲಸ ಮಾಡುತ್ತಿರುವಾಗಲೇ ಅದಕ್ಕೆ ಬೇಕಾದ ನಾಲ್ಕು ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಗೆ ಹೀಗೆನ್ನುತ್ತಾರೆ. ಬೆಲ್ಲ, ಹುಣಸೆಹಣ್ಣು ತಂದು ಹಾಗೆಯೇ ಕರೆಂಟ್ ಬಿಲ್ ಕಟ್ಟಿ ಬಾ ಎಂದರೆ ಬೆಲ್ಲ ಮಾತ್ರ ಮನೆಗೆ ಬರುತ್ತದೆ. ಹತ್ತು ವರ್ಷದ ಹಿಂದಿನ ಸಿನಿಮಾದ ಸಂಭಾಷಣೆ ಅಕ್ಷರಶಃ ನೆನಪಿದೆ, ಈಗ ತಾನೇ ಇಟ್ಟ ಬೀಗದ ಕೈ ಎಲ್ಲಿದೆ ಎಂಬುದು ನೆನಪಿಲ್ಲ. ನೆನಪಿಗೆ ಬೇರೆ ಬೇರೆ ಬಗೆಗಳಿವೆ ಎಂದು ತಿಳಿದಿದ್ದರೆ ಇದರಲ್ಲಿ ನಾಟಕವೇನೂ ಕಾಣುವುದಿಲ್ಲ.

ರೇಷ್ಮೆ ಹುಳು ಸಾಕುವ ಶಿಡ್ಲಘಟ್ಟದ ಕಡೆಯ ಮನೆಗಳಲ್ಲಿ ಈ ಮರೆವಿಗೆ ತೆರಬೇಕಾದ ಬೆಲೆ ಬೇಗ ಕಾಣುತ್ತದೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಕಳಚುವ ಹಂತ, ದಾಟಿ ಎದ್ದ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಲೇಬೇಕು. ಒಂದು ಹೊತ್ತು ತಪ್ಪಿಸಿದ ಹುಡುಗನನ್ನು ಮನೆಯವರು ಮನೆಹಾಳ ಎಂದುಬಿಡುತ್ತಾರೆ. ಅದೇ ಹುಡುಗ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುವ ದಿನ, ಮನೆಯೆಲ್ಲ ಓಡಾಡುವ ತರಾತುರಿಯಲ್ಲಿ, ಎಲ್ಲರಿಗಿಂತ ಚುರುಕಾಗಿ ದುಡಿಯುತ್ತಾನೆ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆಯಿರಿ.

"ಮಾತಿಗೆ ಬೆಲೆ ಇಲ್ಲ." ಐದು ನಿಮಿಷ ಎಂದು ಹೇಳಿ ಮುಕ್ಕಾಲು ಗಂಟೆ ಮಾಡುವವರು, ತುಮಕೂರಿನಿಂದ ಬೆಂಗಳೂರಿಗೆ ದಿನವೂ ಹೋಗುವ ರೈಲನ್ನು ಅಭ್ಯಾಸವೆಂಬಂತೆ ತಪ್ಪಿಸಿಕೊಳ್ಳುವವರು. ಹೊತ್ತು ಎಷ್ಟು ಸರಿಯಿತು, ಈ ಕೆಲಸಕ್ಕೆ ಎಷ್ಟು ಬೇಕು ಎಂಬ ಒಳ ಅಂದಾಜು ಇವರಲ್ಲಿ ದುರ್ಬಲ. ಇವರ ಕಾಲದಲ್ಲಿ ಎರಡೇ ಹೊತ್ತು ಇರುತ್ತವೆ, ಈಗ ಮತ್ತು ಆಮೇಲೆ.

"ಅಹಂಕಾರಿ, ದೊಡ್ಡವರ ಮಾತಿಗೆ ಅಡ್ಡ ಬಾಯಿ ಹಾಕುವವನು." ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನಿಸುವ ಲಕ್ಷಣ ಇದು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಬೀಳುತ್ತದೆ. ತಡೆದರೆ ಹೇಳಬೇಕಾದದ್ದು ಮರೆತೇ ಹೋಗುತ್ತದೆ ಎಂಬ ಆತಂಕವೂ ಜೊತೆಗಿರುತ್ತದೆ. ಅಜ್ಜಿ ಮಾತಾಡುತ್ತಿರುವಾಗ ಕಣ್ಣು ಬಾಗಿಲ ಕಡೆ ಹೋದರೆ ಅದು ಅಗೌರವವಾಗಿ ಕಾಣುತ್ತದೆ. ಹೊರಗೆ ಹಾದುಹೋದ ಟ್ರ್ಯಾಕ್ಟರಿನ ಸದ್ದಿಗೂ ಅಜ್ಜಿಯ ಮಾತಿಗೂ ಒಂದೇ ತೂಕ ಕೊಡುವ ಮಿದುಳಿನ ಕಷ್ಟ ಯಾರಿಗೂ ಕಾಣುವುದಿಲ್ಲ.

"ಮುಂಗೋಪಿ." ರೋಗನಿರ್ಣಯದ ಮುಖ್ಯ ಪಟ್ಟಿಯಲ್ಲಿ ಕೋಪವಿಲ್ಲ. ಆದರೂ ಭಾವನೆಗಳು ತಟ್ಟನೆ ಏರಿ ತಟ್ಟನೆ ಇಳಿಯುವುದು ಎಡಿಎಚ್‌ಡಿ ಇರುವವರಲ್ಲಿ ಬಹಳ ಸಾಮಾನ್ಯ. ಹತ್ತು ನಿಮಿಷದಲ್ಲಿ ಅವರು ತಣ್ಣಗಾಗಿರುತ್ತಾರೆ, ಎದುರಿನವರ ಗಾಯ ಹಾಗೇ ಇರುತ್ತದೆ. ವಿವರಣೆ ಸಿಕ್ಕಿತೆಂದು ಹೊಡೆತ ಬಡಿತಕ್ಕೆ ಮಾಫಿ ಸಿಗುವುದಿಲ್ಲ. ನೋಯಿಸಿದವರ ಬಳಿ ಹೋಗಿ ತಪ್ಪಾಯಿತು ಎನ್ನುವ ಹೊಣೆ ಎಡಿಎಚ್‌ಡಿ ಇದ್ದವರಿಗೂ ಇದೆ.

"ಸುಳ್ಳುಗಾರ." ಇದು ಎಡಿಎಚ್‌ಡಿಯ ಲಕ್ಷಣವಲ್ಲ, ಅದಕ್ಕೆ ಸಿಕ್ಕ ಶಿಕ್ಷೆಗಳ ಫಲ. ಹೋಂವರ್ಕ್ ಆಯಿತೇ ಎಂದರೆ ಆಯಿತು ಎನ್ನುವ ಮಗು ಆ ಸಂಜೆಯ ಬೈಗುಳದಿಂದ ತಪ್ಪಿಸಿಕೊಳ್ಳುತ್ತಿರುತ್ತದೆ. "ಎಷ್ಟು ಉಳಿದಿದೆ, ತೋರಿಸು, ಇಬ್ಬರೂ ನೋಡೋಣ" ಎಂದು ಕೇಳಿನೋಡಿ.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಅವರಲ್ಲಿ ಓಡಾಟ, ಗಲಾಟೆ ಕಡಿಮೆಯಿದ್ದು ಗಮನದ ತೊಂದರೆಯೇ ಹೆಚ್ಚಾಗಿರುವುದು ಸಾಮಾನ್ಯ. ಕೊನೆಯ ಬೆಂಚಿನಲ್ಲಿ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮದುವೆಯಾದ ಮೇಲೆ ಅಡುಗೆ, ಮಕ್ಕಳು, ಅತ್ತೆಯ ಔಷಧ, ನೆಂಟರ ಲೆಕ್ಕಾಚಾರ ಎಲ್ಲವೂ ಒಮ್ಮೆಗೇ ಹೆಗಲಿಗೆ ಬಿದ್ದಾಗ ತೊಂದರೆ ಬಯಲಾಗುತ್ತದೆ. ಆಗ ಅವಳಿಗೆ ಸಿಗುವ ಬಿರುದು "ತವರಿನಲ್ಲಿ ಏನೂ ಕಲಿಸಿಲ್ಲ". ವರ್ಷಗಟ್ಟಲೆ ಹೀಗೆ ಕೇಳಿಸಿಕೊಂಡವರು ಆತಂಕ, ಖಿನ್ನತೆಗಳಿಂದ ವೈದ್ಯರ ಬಳಿ ಬರುತ್ತಾರೆ, ಅದರ ಕೆಳಗಿರುವ ಎಡಿಎಚ್‌ಡಿ ಆಗಲೂ ಕಾಣದೆ ಉಳಿಯಬಹುದು. ನಿಮ್ಮ ಮನೆಯಲ್ಲಿ ಇಂಥ ಹೆಣ್ಣುಮಗಳಿದ್ದರೆ ದಯವಿಟ್ಟು ಈ ಭಾಗವನ್ನು ಇನ್ನೊಮ್ಮೆ ಓದಿ.

ಎಚ್ಚರಿಕೆ: ಮೇಲಿನ ಯಾವುದೂ ನಮಗೆ ಯಾರಿಗೂ ಹೊಸದಲ್ಲ. ಬೀಗದ ಕೈ ಎಲ್ಲರೂ ಕಳೆಯುತ್ತೇವೆ. ಓದುತ್ತ ಓದುತ್ತ "ಇದು ನಾನೇ" ಅನ್ನಿಸಿದ ಮಾತ್ರಕ್ಕೆ ಎಡಿಎಚ್‌ಡಿ ಇದೆ ಎಂದಲ್ಲ. ಮುಂದಿನ ಹಂತ ಇರುವುದು ಅದನ್ನು ಸೋಸುವುದಕ್ಕೇ.

ಹಂತ 3: ನಾಲ್ಕು ಪ್ರಶ್ನೆ ಕೇಳಿ

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಎಂಬ ಕೈಪಿಡಿಯನ್ನು ನಮ್ಮ ಮನೋವೈದ್ಯರೂ ಬಳಸುತ್ತಾರೆ. ಅದರಲ್ಲಿ ಗಮನದ ಕೊರತೆಯ 9 ಲಕ್ಷಣಗಳೂ ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳೂ ಇವೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನಿಂದ ಕನಿಷ್ಠ 6, 17 ವರ್ಷ ತುಂಬಿದವರಲ್ಲಿ ಕನಿಷ್ಠ 5 ಇರಬೇಕು. ಎಣಿಕೆ ವೈದ್ಯರು ಮಾಡುತ್ತಾರೆ. ನೀವು ಕೇಳಿಕೊಳ್ಳಬೇಕಾದದ್ದು ಇಷ್ಟು:

ಎಂದಿನಿಂದ? ಹಲವು ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿರಬೇಕು. ಹಳೆಯ ಪ್ರಗತಿ ಪತ್ರಗಳು ಕೆಲಸಕ್ಕೆ ಬರುವುದು ಇಲ್ಲಿ. "ಜಾಣ, ಆದರೆ ಗಮನವಿಲ್ಲ", "ಅಜಾಗರೂಕತೆಯ ತಪ್ಪುಗಳು", "ಅತಿಯಾಗಿ ಮಾತಾಡುತ್ತಾನೆ" ಎಂಬಂಥ ಷರಾಗಳು ಮೂರನೇ ತರಗತಿಯಿಂದಲೂ ಬಂದಿವೆಯೇ? ನಲವತ್ತರಲ್ಲಿ ಹಠಾತ್ತಾಗಿ ಶುರುವಾದ ಮರೆವಾದರೆ ಕಾರಣ ಬೇರೆಯೇ ಇರುವ ಸಾಧ್ಯತೆ ಹೆಚ್ಚು.

ಎಲ್ಲೆಲ್ಲಿ? ಕನಿಷ್ಠ ಎರಡು ಕಡೆ ಕಾಣಬೇಕು. ಮನೆಯಲ್ಲೂ ಶಾಲೆಯಲ್ಲೂ, ಅಥವಾ ಕೆಲಸದಲ್ಲೂ ಸಂಸಾರದಲ್ಲೂ. ಒಬ್ಬರೇ ಶಿಕ್ಷಕರ ತರಗತಿಯಲ್ಲಿ ಮಾತ್ರ ತೊಂದರೆಯಾದರೆ ಮೊದಲು ಆ ತರಗತಿಯಲ್ಲಿ ಏನು ನಡೆಯುತ್ತಿದೆ ಎಂದು ನೋಡಿ.

ಎಷ್ಟು ಕಾಲದಿಂದ ಸತತವಾಗಿ? ಕನಿಷ್ಠ 6 ತಿಂಗಳು. ಮನೆ ಬದಲಿಸಿದ್ದು, ಸಾವು, ಹಾಸ್ಟೆಲಿಗೆ ಸೇರಿಸಿದ್ದು ಇಂಥ ಘಟನೆಗಳಾದ ಮೇಲಿನ ಎರಡು ತಿಂಗಳ ಚಡಪಡಿಕೆ ಬೇರೆ.

ಏನು ಕಳೆದುಹೋಗಿದೆ? ಅಂಕ, ನೌಕರಿ, ಹಣ, ಸ್ನೇಹ, ದಾಂಪತ್ಯದ ನೆಮ್ಮದಿ. ನಷ್ಟವಿಲ್ಲದೆ ಸ್ವಭಾವ ಮಾತ್ರ ಚುರುಕಾಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ಇಲ್ಲಿ ಅಪ್ಪಂದಿರು ಸಾಮಾನ್ಯವಾಗಿ "ನಾನೂ ಹೀಗೇ ಇದ್ದೆ" ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕದೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಇದು ವಂಶದಲ್ಲಿ ಹರಿಯುವ ತೊಂದರೆಯಾದ್ದರಿಂದ ವೈದ್ಯರಿಗೆ ಅದು ಬೇಕಾದ ಮಾಹಿತಿ.

ಹಂತ 4: ಬೇರೆ ಕಾರಣಗಳನ್ನು ಪರೀಕ್ಷಿಸಿ

ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಮಕ್ಕಳ ವೈದ್ಯರಿಂದಲೇ ಇದನ್ನು ಶುರುಮಾಡಬಹುದು. ಕಣ್ಣು ಮತ್ತು ಕಿವಿ ಪರೀಕ್ಷೆ ಮೊದಲು. ಬೋರ್ಡು ಕಾಣದ, ಮಾತು ಸರಿಯಾಗಿ ಕೇಳಿಸದ ಮಗುವನ್ನು ಗಮನವಿಲ್ಲದವನೆಂದು ದೂರುವುದು ಅನ್ಯಾಯ. ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡು, ಗೊರಕೆಯೊಂದಿಗೆ ಉಸಿರು ಕಟ್ಟುವುದು ಇವುಗಳೂ ಗಮನ ಕೆಡಿಸುತ್ತವೆ. ಮಗು ಮಾತಿನ ನಡುವೆ ಕೆಲವು ಸೆಕೆಂಡು ಶೂನ್ಯದೃಷ್ಟಿಯಲ್ಲಿ ಸ್ತಬ್ಧವಾಗಿ, ಕರೆದರೂ ಮುಟ್ಟಿದರೂ ಎಚ್ಚರಗೊಳ್ಳದೆ ಆಮೇಲೆ ಏನೂ ಆಗದಂತೆ ಮುಂದುವರಿಸುತ್ತಿದ್ದರೆ ಅದು ಒಂದು ಬಗೆಯ ಮೂರ್ಛೆರೋಗ ಇರಬಹುದು. ತಡಮಾಡದೆ ತೋರಿಸಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ.

ಖಿನ್ನತೆ, ಆತಂಕ, ಮದ್ಯದ ಚಟ, ಮನೆಯ ಜಗಳ, ಶಾಲೆಯಲ್ಲಿ ಅನುಭವಿಸುತ್ತಿರುವ ಕಿರುಕುಳ ಎಲ್ಲವೂ ಇದೇ ವೇಷದಲ್ಲಿ ಬರಬಲ್ಲವು. ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಸರಿಯಿದ್ದೂ ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ತೀರಾ ಹಿಂದೆ ಬೀಳುವ ತೊಂದರೆ, ಎಡಿಎಚ್‌ಡಿಯ ಜೊತೆಗೇ ಇರಬಹುದು. ಅದನ್ನೂ ಪರೀಕ್ಷಿಸುವಂತೆ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಬೇರೆಯಾಗಿ ಇಲ್ಲ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಅದರ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯಗಳನ್ನು ಮುಖ್ಯೋಪಾಧ್ಯಾಯರ ಮೂಲಕ ಕೇಳಬಹುದು. ಹತ್ತನೇ ತರಗತಿಯ ಫೆಬ್ರುವರಿಯವರೆಗೆ ಕಾಯಬೇಡಿ.

ಹಂತ 5: ಎಲ್ಲಿಗೆ ಹೋಗಬೇಕು

ಮೊದಲ ಬಾರಿಗೆ ಯಾರನ್ನಾದರೂ ಕೇಳಬೇಕೆಂದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಎಡಿಎಚ್‌ಡಿ ಇದೆಯೆಂದು ಖಚಿತಪಡಿಸುವುದಿಲ್ಲ, ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ. ಸಾಯಬೇಕು ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಈ ಲೇಖನದ ಉಳಿದ ಹಂತಗಳನ್ನು ಬದಿಗಿಟ್ಟು ಅಂದೇ ಕರೆ ಮಾಡಿ.

ಮೂರೂ ಜಿಲ್ಲೆಗಳ ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕೇಳಿ. ಮನೋಚೈತನ್ಯ ಎಂಬ ರಾಜ್ಯದ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಸಿಗುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಬಳಿಯೋ ವಿಚಾರಿಸಿಕೊಂಡೇ ಹೊರಡಿ. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ಒಂದು ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗಬಾರದು. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇರುತ್ತದೆ. ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಗುರುತಿಸಬೇಕಾದ ತೊಂದರೆಗಳಲ್ಲಿ ಎಡಿಎಚ್‌ಡಿಯೂ ಸೇರಿದೆ; ತಂಡ ಬಂದ ದಿನ ಮಗುವಿನ ಬಗ್ಗೆ ಹೇಳುವಂತೆ ಶಿಕ್ಷಕರನ್ನು ಕೋರಿ. ಪ್ರಕರಣ ಗೋಜಲಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋರೋಗ ಚಿಕಿತ್ಸೆಯಲ್ಲಿ ಪರಿಣತಿ ಪಡೆದವರು, ಔಷಧ ಬರೆಯಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರೀಕ್ಷೆ, ಆಪ್ತಸಮಾಲೋಚನೆ, ತರಬೇತಿ ನೀಡುವವರು. ಅನೇಕರಿಗೆ ಇಬ್ಬರೂ ಬೇಕಾಗುತ್ತಾರೆ.

ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತ ಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ಇಲ್ಲ. ವೈದ್ಯರು ದೀರ್ಘವಾಗಿ ಮಾತಾಡುತ್ತಾರೆ, ಪೋಷಕರಿಗೂ ಶಿಕ್ಷಕರಿಗೂ ಪ್ರಶ್ನಾವಳಿ ಕೊಡುತ್ತಾರೆ, ಬಾಲ್ಯದ ವಿವರ ಕೇಳುತ್ತಾರೆ. ಐದೇ ನಿಮಿಷದಲ್ಲಿ ಹೌದು ಎಂದವರನ್ನೂ ಐದೇ ನಿಮಿಷದಲ್ಲಿ ಅಲ್ಲ ಎಂದವರನ್ನೂ ನಂಬಿ ಕೂರಬೇಡಿ, ಇನ್ನೊಬ್ಬರ ಅಭಿಪ್ರಾಯ ಕೇಳಿ. ಮೊಬೈಲಿನಲ್ಲಿ ಸಿಗುವ ಹತ್ತು ಪ್ರಶ್ನೆಗಳ ಪರೀಕ್ಷೆಯೂ ರೋಗನಿರ್ಣಯವಲ್ಲ.

ಸುದ್ದಿ ಹೊರಗೆ ಹೋದರೆ ಮದುವೆಗೆ ತೊಡಕಾಗುತ್ತದೆ ಎಂಬ ಭಯದಿಂದ ಎಷ್ಟೋ ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಗೆ ಕೊಟ್ಟಿರುವ ಹಕ್ಕು. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಇನ್ನೊಂದು ಸಲಹೆಯೂ ಬರುತ್ತದೆ. ಅದು ಒಬ್ಬರ ಕಷ್ಟವನ್ನು ಇಬ್ಬರದಾಗಿ ಮಾಡುತ್ತದೆ, ಅಷ್ಟೇ.

ಹಂತ 6: ಔಷಧ ಬರೆದರೆ

ಎಲ್ಲರಿಗೂ ಔಷಧ ಬೇಕಾಗುವುದಿಲ್ಲ. 6 ವರ್ಷದೊಳಗಿನ ಮಕ್ಕಳಿಗೆ ಮೊದಲು ಕೊಡುವುದು ಪೋಷಕರ ತರಬೇತಿ. ದೊಡ್ಡ ಮಕ್ಕಳಿಗೆ, ವಯಸ್ಕರಿಗೆ ನಮ್ಮಲ್ಲಿ ಹೆಚ್ಚಾಗಿ ಬರೆಯುವುದು ಮೀಥೈಲ್‌ಫೆನಿಡೇಟ್ ಅಥವಾ ಆಟೊಮಾಕ್ಸೆಟಿನ್. ಮೊದಲನೆಯದು ಕೊಟ್ಟ ದಿನವೇ ಕೆಲಸ ಮಾಡಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಎರಡನೆಯದರ ಪೂರ್ಣ ಫಲಕ್ಕೆ ವಾರಗಳೇ ಬೇಕು. ನಾಲ್ಕು ದಿನ ನೋಡಿ ಪ್ರಯೋಜನವಿಲ್ಲ ಎಂದು ಬಿಡಬೇಡಿ.

ಮೀಥೈಲ್‌ಫೆನಿಡೇಟ್ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಎಂಬ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ವಿಶೇಷ ಪರವಾನಗಿ ಇರುವ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಚೀಟಿ ಬರೆಸಿಕೊಳ್ಳುವಾಗಲೇ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಳ್ಳಿ. ಊರಿನ ಅಂಗಡಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಗಾಬರಿಯಾಗಬೇಡಿ.

ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ನಾಡಿ ಮತ್ತು ರಕ್ತದೊತ್ತಡ ಸ್ವಲ್ಪ ಏರುವುದು ಕಾಣಬಹುದು. ಮಗುವಿನ ತೂಕ, ಎತ್ತರವನ್ನು ಆಗಾಗ ಅಳತೆ ಮಾಡಿಸಿ. ಕುಟುಂಬದಲ್ಲಿ ಹೃದಯದ ತೊಂದರೆ ಇದ್ದರೆ ಔಷಧ ಶುರುಮಾಡುವ ಮೊದಲೇ ಹೇಳಿ. ಆಟೊಮಾಕ್ಸೆಟಿನ್ ಶುರುಮಾಡಿದ ಮಕ್ಕಳಲ್ಲಿ ಮಂಕು ಅಥವಾ ಸಾಯುವ ಮಾತು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. ಒಬ್ಬರ ಮಾತ್ರೆಯನ್ನು ಪರೀಕ್ಷೆ ಹತ್ತಿರ ಬಂತೆಂದು ಅಣ್ಣನಿಗೋ ಗೆಳೆಯನಿಗೋ ಕೊಡುವುದು ಅಪಾಯ, ಕಾನೂನಿಗೂ ವಿರುದ್ಧ.

ಹಂತ 7: ವೈದ್ಯರ ಭೇಟಿಗೆ ಕಾಯದೆ ಮನೆಯಲ್ಲಿ ಮಾಡಬಹುದಾದದ್ದು

ರೋಗನಿರ್ಣಯ ಆಗಲಿ ಬಿಡಲಿ, ಇವುಗಳಿಂದ ಕೆಡುಕಂತೂ ಇಲ್ಲ.

ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅಡುಗೆಮನೆಯಿಂದ ಕೂಗದೆ ಹತ್ತಿರ ಹೋಗಿ ಭುಜ ಮುಟ್ಟಿ, ಕಣ್ಣು ಸೇರಿದ ಮೇಲೆ ಹೇಳಿ. "ಓದಿಕೋ" ಎಂಬುದು ತೀರಾ ದೊಡ್ಡ ಕೆಲಸ. "ಈ ಪುಟದ ಮೂರು ಲೆಕ್ಕ" ಎಂದರೆ ಶುರುಮಾಡಲು ಆಗುತ್ತದೆ. ಮೂರು ಮುಗಿದ ಕೂಡಲೇ ಎದ್ದು ಓಡಾಡಲು ಬಿಡಿ. ಮೆಚ್ಚುಗೆಯೂ ಆಗಲೇ ಬರಬೇಕು. ಪಾಸಾದರೆ ಸೈಕಲ್ ಎಂಬ ಆಸೆ ಇವರನ್ನು ಇವತ್ತಿನ ಸಂಜೆ ಕೂರಿಸಲಾರದು.

ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಹೇಳಿಕೊಡಬೇಕಿಲ್ಲ. ನೀವು ಅವರೆಕಾಳು ಬಿಡಿಸುತ್ತಿರಿ, ಮಗು ಬರೆಯುತ್ತಿರಲಿ. ವಯಸ್ಕರೂ ಗೆಳೆಯರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಬಾಕಿ ಕಾಗದಪತ್ರ ಮುಗಿಸಬಹುದು. ಇದು ಎಷ್ಟು ಸರಳವೋ ಅಷ್ಟೇ ಪರಿಣಾಮಕಾರಿ, ಮಾಡುವವರು ಮಾತ್ರ ಕಡಿಮೆ.

ನೆನಪನ್ನು ತಲೆಯಿಂದ ಗೋಡೆಗೆ ವರ್ಗಾಯಿಸಿ. ಬೀಗದ ಕೈ, ಪಾಸು, ಗುರುತಿನ ಚೀಟಿಗೆ ಬಾಗಿಲ ಪಕ್ಕ ಒಂದೇ ಮೊಳೆ. ಹುಳುಮನೆಯಲ್ಲಿ ಸೊಪ್ಪು ಹಾಕುವ ಹೊತ್ತುಗಳ ಪಟ್ಟಿ, ಪ್ರತಿ ಹೊತ್ತಿಗೂ ಗುರುತು ಹಾಕಲು ಪಕ್ಕದಲ್ಲೇ ಸೀಮೆಸುಣ್ಣ. ಒಲೆಯ ಮೇಲೆ ಹಾಲಿಟ್ಟ ಕೂಡಲೇ ಮೊಬೈಲಿನಲ್ಲಿ ಆರು ನಿಮಿಷದ ಗಂಟೆ. ಅಲಾರಂ ಹೊಡೆದಾಗ ಆರಿಸಿ ಮರೆಯುವವರು ಮೊಬೈಲನ್ನು ಕೈಗೆಟುಕದ ಕಡೆ ಇಡಲಿ, ಎದ್ದು ಹೋಗಿ ಆರಿಸುವಂತಿರಲಿ. ಪಟ್ಟಿ ಹಳೆಯದಾದರೆ ಕಣ್ಣಿಗೆ ಬೀಳುವುದೇ ಇಲ್ಲ, ಆಗ ಜಾಗವನ್ನೋ ಬಣ್ಣವನ್ನೋ ಬದಲಿಸಿ.

ಶಾಲೆಯಲ್ಲಿ ಮುಂದಿನ ಬೆಂಚು, ಕಿಟಕಿಯಿಂದ ದೂರ, ನಡುವೆ ಕಪ್ಪುಹಲಗೆ ಒರೆಸುವಂಥ ಓಡಾಟದ ಕೆಲಸ. ಶಿಕ್ಷಕರನ್ನು ದೂರುದಾರರಂತೆ ಭೇಟಿ ಮಾಡಬೇಡಿ. ನಿಮ್ಮ ನೋಟ್‌ಬುಕ್ ತೋರಿಸಿ, ಅವರು ಕಂಡದ್ದನ್ನೂ ಕೇಳಿ. ಹೊಡೆಯುವುದು, ಬಿಸಿಲಲ್ಲಿ ನಿಲ್ಲಿಸುವುದು, ಎಲ್ಲರೆದುರು ಹೀಯಾಳಿಸುವುದು ನಡೆಯುತ್ತಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂದು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ತಿಳಿಸಿ. ಅಣ್ಣನನ್ನೋ ಪಕ್ಕದ ಮನೆಯ ಹುಡುಗಿಯನ್ನೋ ತೋರಿಸಿ ಹೋಲಿಸುವುದನ್ನು ನೀವೂ ಮನೆಯಲ್ಲಿ ನಿಲ್ಲಿಸಬೇಕು.

ಹಂತ 8: ಮನೆಯವರಿಗೆ ಹೇಳುವುದು

"ಇವನಿಗೆ ಕಾಯಿಲೆ, ಯಾರೂ ಏನೂ ಅನ್ನಬೇಡಿ" ಎಂದರೆ ಅಜ್ಜಿ ತಾತ ನಂಬುವುದಿಲ್ಲ, ಮಗುವಿಗೂ ಒಳ್ಳೆಯದಲ್ಲ. ಒಂದು ಕೆಲಸವನ್ನು ಮುಂದಿಟ್ಟು ಮಾತಾಡಿ: "ಎರಡು ಮೂರು ಕೆಲಸ ಒಟ್ಟಿಗೆ ಹೇಳಿದರೆ ಇವನಿಗೆ ಉಳಿಯುವುದಿಲ್ಲ ಅಜ್ಜಿ, ಒಂದೊಂದೇ ಹೇಳಿ ನೋಡಿ." ಅಜ್ಜಿ ಹೇಳಿ, ಅದು ನಡೆದು ತೋರಿದರೆ ನೂರು ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮಗುವಿಗೂ ತಿಳಿಯುವಂತೆ ಹೇಳಿ: ನಿನಗೆ ಶುರುಮಾಡುವುದು ಬೇರೆಯವರಿಗಿಂತ ಕಷ್ಟ, ಅದು ನಿನ್ನ ಕೆಟ್ಟತನವಲ್ಲ, ಅದಕ್ಕೆ ಉಪಾಯಗಳಿವೆ, ಉಪಾಯ ಬಳಸುವುದು ನಿನ್ನ ಹೊಣೆ. ವಯಸ್ಕರು ಗಂಡ ಅಥವಾ ಹೆಂಡತಿಯನ್ನು ಒಮ್ಮೆಯಾದರೂ ವೈದ್ಯರ ಭೇಟಿಗೆ ಜೊತೆಗೆ ಕರೆದೊಯ್ಯಿರಿ. ಇಷ್ಟು ವರ್ಷ ಎಲ್ಲ ನೆನಪಿಟ್ಟುಕೊಂಡು, ಎಲ್ಲ ಸರಿದೂಗಿಸಿ ದಣಿದವರು ಅವರು. ಅವರ ಮಾತೂ ವೈದ್ಯರಿಗೆ ಕೇಳಿಸಬೇಕು.

ಮೊದಲ ಭೇಟಿಯ ನಂತರ ನೋಟ್‌ಬುಕ್ಕನ್ನು ಮುಚ್ಚಬೇಡಿ. ಔಷಧ ಅಥವಾ ತರಬೇತಿ ಶುರುವಾದ ದಿನಾಂಕ, ಊಟ, ನಿದ್ದೆ, ಯಾವ ಕೆಲಸ ಹಗುರಾಯಿತು, ಯಾವುದು ಹಾಗೇ ಇದೆ ಎಂದು ವಾರಕ್ಕೊಮ್ಮೆ ನಾಲ್ಕು ಸಾಲು ಬರೆದು ಮುಂದಿನ ಭೇಟಿಗೆ ಒಯ್ಯಿರಿ. ಔಷಧದ ಪ್ರಮಾಣವನ್ನು ಏರಿಸಬೇಕೋ ಇಳಿಸಬೇಕೋ ಎಂದು ವೈದ್ಯರು ನಿರ್ಧರಿಸುವಾಗ ಆ ಸಾಲುಗಳನ್ನು ಓದಿ ಹೇಳಿ.